ಹೆಣ್ಣು ಚಿಟ್ಟೆ ಗಂಡನ್ನು ವಾಸನೆಯಿಂದ ಎಳೆದುಕೊಳ್ಳುವುದು ನಿಜಾನಾ?

ನೀವು ಕೇಳಿದ್ದು ಇಷ್ಟು: "ಹೆಣ್ಣು ಪತಂಗ ವಾಸನೆ ಬಿಟ್ಟು ಎಲ್ಲೋ ದೂರದಲ್ಲಿರುವ ಗಂಡನ್ನು ಎಳೆದುಕೊಳ್ಳುತ್ತದೆ ಅಂತ ಓದಿದೆ. ನಿಜಾನಾ? ಅಷ್ಟು ಸಣ್ಣ ಜೀವಿಯ ವಾಸನೆ ಅಷ್ಟು ದೂರ ಹೋಗುವುದು ಹೇಗೆ? ದೊಡ್ಡ ಪ್ರಾಣಿಗಳಲ್ಲೂ, ಮನುಷ್ಯರಲ್ಲೂ ಇದು ಇದೆಯಾ?"

ನಿಜ. ಪುಸ್ತಕದಲ್ಲಿ ಓದುವ ಮೊದಲೇ ನಾನು ಇದನ್ನು ಕಣ್ಣಾರೆ ಕಂಡಿದ್ದೆ. ಆದರೆ "ಎಳೆದುಕೊಳ್ಳುತ್ತದೆ" ಅನ್ನುವ ಮಾತು ಮಾತ್ರ ಸರಿಯಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆಲವು ವರ್ಷ ನಾನು ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಕೆಲಸ ಮಾಡಿದ್ದೇನೆ. ನಮ್ಮಲ್ಲಿ ಎಲ್ಲರೂ ಅದನ್ನು ಗ್ರೇನೇಜ್ ಅಂತಲೇ ಕರೆಯುವುದು. ಪತಂಗಕ್ಕೂ ಅಲ್ಲಿ ಚಿಟ್ಟೆ ಅಂತಲೇ ಹೆಸರು. ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬರುವುದು ಬೆಳಗಿನ ಜಾವ. ಗೂಡಿನ ಒಂದು ತುದಿ ಒದ್ದೆಯಾಗುತ್ತದೆ, ನೂಲು ಸಡಿಲವಾಗುತ್ತದೆ, ಮೆಲ್ಲಗೆ ತಲೆ ಆಚೆ ಬರುತ್ತದೆ. ರೆಕ್ಕೆ ಇನ್ನೂ ಮುದುಡಿಕೊಂಡಿರುತ್ತದೆ. ಆಮೇಲೆ ಅದು ಬದುಕುವುದು ಕೆಲವೇ ದಿನ. ಅಷ್ಟೂ ದಿನ ಏನೂ ತಿನ್ನುವುದಿಲ್ಲ. ಜೋಡಿಯಾಗುವುದು, ಮೊಟ್ಟೆ ಇಡುವುದು, ಇವೆರಡೇ ಕೆಲಸ.

ಹೆಣ್ಣಿನದು ದಪ್ಪ ಹೊಟ್ಟೆ. ಬಂದ ಜಾಗದಲ್ಲೇ ಸುಮ್ನೆ ಕೂರುತ್ತದೆ. ರೆಕ್ಕೆ ಒಣಗಿದ ಮೇಲೆ ಹೊಟ್ಟೆಯ ತುದಿಯಿಂದ ಎರಡು ಪುಟ್ಟ ಉಬ್ಬುಗಳನ್ನು ಆಚೆ ಚಾಚುತ್ತದೆ. ವಾಸನೆ ಬರುವುದು ಅಲ್ಲಿಂದ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸ್ವಲ್ಪ ಆಚೆ ಇರುವ ಗಂಡುಗಳು ಒಮ್ಮೆಲೇ ಪಟಪಟ ರೆಕ್ಕೆ ಬಡಿಯಲು ಶುರು ಮಾಡುತ್ತವೆ. ತಟ್ಟೆಗಟ್ಟಲೆ ಗಂಡು ಒಟ್ಟಿಗೆ ಬಡಿದರೆ ಒಣ ಎಲೆಯ ಮೇಲೆ ಮಳೆ ಹನಿ ಬಿದ್ದ ಹಾಗೆ ಸದ್ದು. ಆ ಸದ್ದು ಕೇಳಿದರೆ ಈಗಲೂ ನನಗೆ ರೋಮಾಂಚನ.

ಒಂದು ಬೆಳಗ್ಗೆ ಹೆಣ್ಣು ಚಿಟ್ಟೆಗಳನ್ನು ಎತ್ತಿದ ಮೇಲೆ ತಟ್ಟೆಯ ಪೇಪರ್ ಬದಲಾಯಿಸುವುದನ್ನು ಮರೆತೆ. ಅದೇ ಪೇಪರಿನ ಮೇಲೆ ಗಂಡುಗಳನ್ನು ಬಿಟ್ಟೆ. ಅಲ್ಲಿ ಒಂದು ಹೆಣ್ಣೂ ಇರಲಿಲ್ಲ. ಆದರೂ ಎಲ್ಲ ಗಂಡುಗಳೂ ರೆಕ್ಕೆ ಬಡಿಯುತ್ತಾ, ಹೊಟ್ಟೆ ಬಗ್ಗಿಸುತ್ತಾ, ಖಾಲಿ ಪೇಪರಿನ ಮೇಲೆ ಸುತ್ತು ಹೊಡೆಯತೊಡಗಿದವು. ಹೆಣ್ಣು ಕೂತಿದ್ದ ಕಲೆಯ ಹತ್ತಿರ ಬಂದಾಗ ಇನ್ನೂ ಜಾಸ್ತಿ. ಆ ಗಂಡು ಹುಡುಕುತ್ತಿದ್ದದ್ದು ಹೆಣ್ಣಿನ ರೂಪವನ್ನಲ್ಲ ಅಂತ ನನಗೆ ಅವತ್ತು ಅರ್ಥವಾಯಿತು. 19ನೇ ಶತಮಾನದಲ್ಲಿ ಫ್ರಾನ್ಸಿನ ಫಾಬ್ರ್ ಎಂಬ ಕೀಟತಜ್ಞ ಇದನ್ನೇ ಬೇರೆ ಪತಂಗದಲ್ಲಿ ನೋಡಿದ್ದ. ಹೆಣ್ಣನ್ನು ಬಲೆಯ ಗೂಡಿನಲ್ಲಿಟ್ಟರೆ ಗಂಡುಗಳು ಮುತ್ತುತ್ತಿದ್ದವು. ಗಾಳಿಯಾಡದ ಗಾಜಿನೊಳಗಿಟ್ಟರೆ ಕಣ್ಣೆದುರೇ ಇದ್ದರೂ ಯಾವುದೂ ತಿರುಗಿ ನೋಡುತ್ತಿರಲಿಲ್ಲ.

ಆ ವಾಸನೆ ಯಾವ ವಸ್ತು ಅಂತ ಗೊತ್ತಾಗಿದ್ದು 1959ರಲ್ಲಿ. ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬ್ಯುಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ದುಡಿದರು. ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳ ಗ್ರಂಥಿ ಕತ್ತರಿಸಿ ತೆಗೆದರು. ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಅದಕ್ಕೆ ಬಾಂಬಿಕಾಲ್ ಅಂತ ಹೆಸರಿಟ್ಟರು. ಒಂದು ಜೀವಿ ಹೊರಬಿಟ್ಟು ತನ್ನದೇ ಜಾತಿಯ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಇಂಥ ವಸ್ತುವಿಗೆ 'ಫೆರೊಮೋನ್' ಅನ್ನುವ ಪದ ಹುಟ್ಟಿದ್ದೂ ಅದೇ ವರ್ಷ. ದಿನಕ್ಕೆ ಸಾವಿರಾರು ಚಿಟ್ಟೆ ಕೈಯಲ್ಲಿ ಹಿಡಿದವನಾಗಿ ಹೇಳುತ್ತೇನೆ, 5 ಲಕ್ಷ ಗ್ರಂಥಿ ಬಿಡಿಸುವುದು ತಮಾಷೆಯಲ್ಲ.

ಈಗ ದೂರದ ಮಾತಿಗೆ ಬರೋಣ. ಗಂಡು ಚಿಟ್ಟೆಯ ತಲೆಯ ಮೇಲಿನ ಮೀಸೆ ನೋಡಿದ್ದೀರಾ? ಕಪ್ಪು ಬಾಚಣಿಗೆಯ ಹಾಗಿರುತ್ತದೆ. ಒಂದೊಂದು ಮೀಸೆಯಲ್ಲೂ ಬಾಂಬಿಕಾಲ್ ಹಿಡಿಯಲೆಂದೇ ಸುಮಾರು 17,000 ಸೂಕ್ಷ್ಮ ರೋಮಗಳಿವೆ. ಒಂದೇ ಒಂದು ಅಣು ತಗುಲಿದರೂ ಅಲ್ಲಿನ ನರ ಮಿಡಿಯುತ್ತದೆ. ರೆಕ್ಕೆ ಬಡಿಯುವುದು ಹಾರಲಿಕ್ಕಲ್ಲ. ಸಾವಿರಾರು ವರ್ಷ ಮನುಷ್ಯರ ಸಾಕಣೆಯಲ್ಲಿದ್ದು ಈ ಚಿಟ್ಟೆ ಹಾರುವುದನ್ನೇ ಕಳೆದುಕೊಂಡಿದೆ. ಮುಂದಿನ ಗಾಳಿಯನ್ನು ಮೀಸೆಯ ಮೇಲೆ ಎಳೆದುಕೊಳ್ಳಲು ಅದು ರೆಕ್ಕೆ ಬಡಿಯುವುದು. ನಾಯಿ ಮೂಗು ಅರಳಿಸಿ ಮೂಸುತ್ತದಲ್ಲ, ಹಾಗೆ.

ವಾಸನೆ ಹಗ್ಗದ ಹಾಗೆ ಒಂದೇ ಎಳೆಯಾಗಿ ಬರುವುದಿಲ್ಲ. ಊದುಬತ್ತಿಯ ಹೊಗೆ ನೋಡಿ. ಸ್ವಲ್ಪ ದೂರ ಹೋದ ಮೇಲೆ ತುಂಡು ತುಂಡಾಗುತ್ತದೆ. ಗಂಡಿಗೆ ಸಿಗುವುದೂ ಅಂಥ ತುಂಡುಗಳೇ. ಒಂದು ತುಂಡು ತಗುಲಿದ ಕೂಡಲೇ ಅದು ನೇರ ಮುಂದೆ ನುಗ್ಗುತ್ತದೆ. ವಾಸನೆ ತಪ್ಪಿತೋ, ಎಡಕ್ಕೆ ಬಲಕ್ಕೆ ಹೊರಳುತ್ತದೆ. ಆಗಲೂ ಸಿಗದಿದ್ದರೆ ಸುತ್ತು ಹೊಡೆಯುತ್ತದೆ. ಮತ್ತೆ ಸಿಕ್ಕರೆ ಮತ್ತೆ ನೇರ. ಹಾರುವ ಪತಂಗಗಳು ಇದನ್ನೇ ಗಾಳಿಗೆ ಎದುರಾಗಿ ಮಾಡುತ್ತವೆ. ಅಂದರೆ ವಾಸನೆ ಗಂಡನ್ನು ಎಳೆಯುತ್ತಿಲ್ಲ. "ಹೆಣ್ಣು ಇದೆ, ಹೊರಡು" ಅನ್ನುತ್ತದೆ, ಅಷ್ಟೇ. ದಾರಿ ತೋರಿಸುವುದು ಗಾಳಿ. ಟೋಕಿಯೊ ವಿಶ್ವವಿದ್ಯಾಲಯದ ಕಾಂಜಾಕಿ ತಂಡ 2013ರಲ್ಲಿ ಗಂಡು ರೇಷ್ಮೆ ಚಿಟ್ಟೆಯನ್ನು ಒಂದು ಚೆಂಡಿನ ಮೇಲೆ ನಡೆಯಲು ಬಿಟ್ಟು, ಆ ಚೆಂಡು ಉರುಳಿದಂತೆ ಓಡುವ ಪುಟ್ಟ ಗಾಡಿ ಮಾಡಿತ್ತು. ಚಿಟ್ಟೆ ಗಾಡಿಯನ್ನು ವಾಸನೆಯ ಮೂಲಕ್ಕೆ ಓಡಿಸಿಕೊಂಡು ಹೋಯಿತು. ಗಾಡಿ ಒಂದು ಪಕ್ಕಕ್ಕೆ ವಾಲುವಂತೆ ಮಾಡಿದರೂ ಸರಿಪಡಿಸಿಕೊಂಡು ಹೋಯಿತು!

ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಬಿಟ್ಟ ಗಂಡು ಪತಂಗ ಹೆಣ್ಣನ್ನು ತಲುಪಿದ್ದು ನಿಜವೇ. ಆದರೆ ಬಿಟ್ಟ ಜಾಗದಲ್ಲೇ ಅದಕ್ಕೆ ವಾಸನೆ ಸಿಕ್ಕಿತ್ತು ಅಂತ ಅದರರ್ಥವಲ್ಲ. ಅಲೆದಾಡುತ್ತಾ ಎಲ್ಲೋ ನಡುವೆ ಒಂದು ತುಂಡು ಸಿಕ್ಕರೂ ಸಾಕಲ್ವಾ?

ಹೊಲದಲ್ಲಿ ನೇತುಹಾಕುವ ಮೋಹಕ ಬಲೆ ನಿಂತಿರುವುದೂ ಇದರ ಮೇಲೇ. ಹತ್ತಿಯ ಗುಲಾಬಿ ಕಾಯಿಕೊರಕದ ಹೆಣ್ಣಿನ ವಾಸನೆಯನ್ನು ಕಾರ್ಖಾನೆಯಲ್ಲಿ ಮಾಡಿ ಬಲೆಯಲ್ಲಿಡುತ್ತಾರೆ. ಗಂಡು ಬಂದು ಬೀಳುತ್ತದೆ. ಇನ್ನೊಂದು ಉಪಾಯವೂ ಇದೆ. ಹೊಲದ ತುಂಬ ಅದೇ ವಾಸನೆ ಹರಡಿಬಿಟ್ಟರೆ ಗಂಡಿಗೆ ನಿಜವಾದ ಹೆಣ್ಣು ಎಲ್ಲಿದೆ ಅಂತ ದಿಕ್ಕೇ ತೋಚುವುದಿಲ್ಲ.

ದೊಡ್ಡ ಪ್ರಾಣಿಗಳಲ್ಲಿ? ಹಸು ಬೆದೆಗೆ ಬಂದಾಗ ಹೋರಿ ಅದರ ಗಂಜಲ ಮೂಸಿ, ಮೇಲ್ತುಟಿ ಮಡಚಿ, ಮುಖ ಎತ್ತಿ ನಿಲ್ಲುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿಯೇ ಇರುತ್ತೀರಿ. ಬಾಯಿಯ ಮೇಲ್ಭಾಗದಲ್ಲಿರುವ ಇನ್ನೊಂದು ಮೂಗಿನಂಥ ಅಂಗಕ್ಕೆ ಅದು ವಾಸನೆ ತಲುಪಿಸುತ್ತಿರುತ್ತದೆ. ಆನೆಯೂ ಹಾಗೇ. ಗಂಡಾನೆ ಸೊಂಡಿಲ ತುದಿಯನ್ನು ಹೆಣ್ಣಾನೆಯ ಮೂತ್ರಕ್ಕೆ ಮುಟ್ಟಿಸಿ, ಮಡಚಿ ಬಾಯೊಳಗೆ ಅಂಗುಳಿಗೆ ಒತ್ತುತ್ತದೆ. ಆ ಮೂತ್ರದಲ್ಲಿ ಏನಿದೆ ಅಂತ 1996ರಲ್ಲಿ ರಾಸ್ಮುಸೆನ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು ತೋರಿಸಿದರು. ನೂರಕ್ಕೂ ಹೆಚ್ಚು ಜಾತಿಯ ಪತಂಗಗಳ ಹೆಣ್ಣು ಬಳಸುವ ವಸ್ತುವೇ ಅದು! ಅದೇ ಅಣು. ಇದನ್ನು ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಾಗಂತ ಪತಂಗ ಆನೆಯ ಹಿಂದೆ ಹೋಗುವುದಿಲ್ಲ. ಪತಂಗಗಳು ಹಲವು ವಸ್ತುಗಳನ್ನು ತಮ್ಮದೇ ಹದದಲ್ಲಿ ಬೆರೆಸಿ ಬಿಡುತ್ತವೆ. ಆ ಹದ ತಪ್ಪಿದರೆ ಕರೆಯೂ ತಪ್ಪಿತು.

ಗಂಡಾನೆಯೂ ಸುಮ್ಮನಿರುವುದಿಲ್ಲ. ಮದ ಬಂದಾಗ ಕಣ್ಣು ಕಿವಿಯ ನಡುವಿನ ಗ್ರಂಥಿಯಿಂದ ಮದಜಲ ಸುರಿಯುತ್ತದೆ. ಎಳೆ ವಯಸ್ಸಿನ ಗಂಡಿನ ಮದಜಲ ಜೇನಿನ ವಾಸನೆ, ಬಲಿತ ಗಂಡಿನದು ಗಬ್ಬು ವಾಸನೆ. ಹಳಗನ್ನಡ ಕಾವ್ಯದಲ್ಲಿ ಮದಜಲಕ್ಕೆ ದುಂಬಿ ಮುತ್ತುವ ವರ್ಣನೆ ಮತ್ತೆ ಮತ್ತೆ ಬರುತ್ತದಲ್ಲ, ಅದು ಬರೀ ಅಲಂಕಾರ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಕವಿಗಳು, ಅಥವಾ ಅವರಿಗೆ ಹೇಳಿದ ಮಾವುತರು, ಹತ್ತಿರ ನಿಂತು ಮೂಸಿದ್ದರು.

ಮನುಷ್ಯರ ವಿಷಯಕ್ಕೆ ಬಂದರೆ, ಹೀಗೆ ಕೆಲಸ ಮಾಡುವ ಒಂದೇ ಒಂದು ವಸ್ತುವನ್ನೂ ಈವರೆಗೆ ಖಚಿತವಾಗಿ ಗುರುತಿಸಿಲ್ಲ. 'ಫೆರೊಮೋನ್ ಪರ್ಫ್ಯೂಮ್' ಅಂತ ಮಾರುವುದನ್ನು ದಯವಿಟ್ಟು ಕೊಳ್ಳಬೇಡಿ. ಅಂಥ ಎಷ್ಟೋ ಬಾಟಲಿಗಳಲ್ಲಿ ಇರುವುದು ಆಂಡ್ರೊಸ್ಟಿನೋನ್. ಅದು ಗಂಡು ಹಂದಿಯ ಜೊಲ್ಲಿನಲ್ಲಿರುವ ವಸ್ತು. ಬೆದೆಗೆ ಬಂದ ಹೆಣ್ಣು ಹಂದಿ ಅದನ್ನು ಮೂಸಿದರೆ ಅಲುಗದೆ ನಿಲ್ಲುತ್ತದೆ.

ನೀವೇ ನೋಡಬೇಕಾ? ಹತ್ತಿರದಲ್ಲಿ ರೇಷ್ಮೆ ಸಾಕುವವರಿದ್ದರೆ ಹತ್ತು ಹಸಿ ಗೂಡು ಕೇಳಿ ತನ್ನಿ. ಬಿಸಿಲಿಗೆ ಇಡಬೇಡಿ. ಒಂದೆರಡು ವಾರದಲ್ಲಿ ಚಿಟ್ಟೆ ಬರುತ್ತದೆ. ದಪ್ಪ ಹೊಟ್ಟೆಯದನ್ನು ಮೇಜಿನ ಮೇಲೆ ಇಟ್ಟು ಗಾಜಿನ ಲೋಟ ಬೋರಲು ಹಾಕಿ. ಕೋಣೆಯ ಗಾಳಿ ಸ್ವಲ್ಪ ಆಡಲಿ. ಆಮೇಲೆ ಒಂದು ಗೇಣು ದೂರದಲ್ಲಿ ಗಂಡನ್ನು ಬಿಡಿ. ಅದು ಸುಮ್ನೆ ಕೂತಿರುತ್ತದೆ. ಈಗ ಲೋಟ ಎತ್ತಿ.