ನಾದಿನಿಯ ಮಾತ್ರೆ ನಿಮಗೆ ಯಾಕೆ?

ಪ್ರಶ್ನೆ: ನನಗೆ 64 ವರ್ಷ, ಬದಿಯಡ್ಕದ ಹತ್ತಿರ ಮನೆ. ಮೂತ್ರ ಬಂತು ಅನ್ನಿಸಿದ ಮೇಲೆ ಬಚ್ಚಲು ಮುಟ್ಟುವವರೆಗೆ ತಡೆಯಲು ಆಗುವುದಿಲ್ಲ. ಮಂಗಳೂರಿನ ಡಾಕ್ಟರು ಸೋಲಿಫೆನಾಸಿನ್ 5 ಮಿ.ಗ್ರಾಂ. ಕೊಟ್ಟಿದ್ದಾರೆ. ಹತ್ತು ದಿನವಾಯಿತು, ಗುಣವಿಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆ ಬೇರೆ. ನನ್ನ ನಾದಿನಿ ಮಿರಾಬೆಗ್ರಾನ್ ತಿಂದು ಆರಾಮವಾಗಿದ್ದಾಳೆ. ಅದು ಹೆಚ್ಚು ಸ್ಟ್ರಾಂಗ್ ಅಲ್ಲವೇ? ಬಿಪಿಗೆ ಮೆಟೊಪ್ರೊಲಾಲ್, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತೇನೆ.

ಉತ್ತರ: ‘ಯಾವುದು ಸ್ಟ್ರಾಂಗ್’ ಎಂದು ಕುಂಬಳೆಯವರೂ ಕೇಳುತ್ತಾರೆ, ಮುಳ್ಳೇರಿಯದವರೂ ಕೇಳುತ್ತಾರೆ. ಅವಸರ ತಗ್ಗಿಸುವ ಕೆಲಸದಲ್ಲಿ ಈ ಎರಡು ಮಾತ್ರೆಗಳ ನಡುವೆ ಹೇಳಿಕೊಳ್ಳುವಷ್ಟು ಅಂತರವಿಲ್ಲ. ಅಂತರ ಇರುವುದು ಅವು ಕೊಡುವ ಕಾಟದಲ್ಲಿ. ಯಾವ ಕಾಟವನ್ನು ನಿಮ್ಮ ಮೈ ತಾಳುತ್ತದೆ ಎಂಬುದರ ಮೇಲೆ ಮಾತ್ರೆ ಆರಿಸಬೇಕು.

ಸೋಲಿಫೆನಾಸಿನ್, ಟೋಲ್ಟೆರೊಡಿನ್, ಆಕ್ಸಿಬ್ಯುಟಿನಿನ್ ಎಲ್ಲ ಒಂದೇ ಕುಲದವು. ಮೂತ್ರಕೋಶವನ್ನು ಹಿಂಡುವ ನರದ ಸಂದೇಶವನ್ನು ತಡೆಯುತ್ತವೆ. ಬಾಯಲ್ಲಿ ಜೊಲ್ಲು ಬರುವುದೂ ಕರುಳು ಚಲಿಸುವುದೂ ಅದೇ ಸಂದೇಶದಿಂದ. ಹಾಗಾಗಿ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಮಿರಾಬೆಗ್ರಾನ್ ದಾರಿ ಬೇರೆ: ಮೂತ್ರ ತುಂಬುವ ಹೊತ್ತಿನಲ್ಲಿ ಕೋಶದ ಸ್ನಾಯುವನ್ನು ಸಡಿಲಿಸುತ್ತದೆ. ಬಾಯಿ ಒಣಗುವುದು ತೀರಾ ಕಡಿಮೆ, ಆದರೆ ಬಿಪಿ ಏರಿಸಬಹುದು. ಬಿಪಿ 180/110 ಅಥವಾ ಅದಕ್ಕಿಂತ ಮೇಲಿದ್ದು ಹತೋಟಿಗೆ ಬಾರದವರಿಗೆ ಅದನ್ನು ಕೊಡುವಂತೆಯೇ ಇಲ್ಲ.

ಈಗ ನೀವು ಕೊನೆಯಲ್ಲಿ ಬರೆದ ಸಾಲಿಗೆ ಬನ್ನಿ. ಇಡೀ ಪತ್ರದಲ್ಲಿ ನನಗೆ ಮುಖ್ಯವಾದದ್ದು ಅದೇ. ಅಮಿಟ್ರಿಪ್ಟಿಲಿನ್ ಕೂಡ ಬಾಯಿ ಒಣಗಿಸುವ, ಮಲ ಕಟ್ಟಿಸುವ ಮಾತ್ರೆ. ಅದರ ಮೇಲೆ ಸೋಲಿಫೆನಾಸಿನ್ ಸೇರಿದೆ. ಬೈಗುಳವೆಲ್ಲ ಹೊಸ ಮಾತ್ರೆಗೆ ಸಿಗುತ್ತಿದೆ! ಶೀತಕ್ಕೆಂದು ಮೆಡಿಕಲ್‌ನಿಂದ ತಂದು ನುಂಗುವ ಕ್ಲೋರ್ಫೆನಿರಮಿನ್ ಮಾತ್ರೆಯೂ ಇದೇ ಹೊರೆ ಹೆಚ್ಚಿಸುತ್ತದೆ. ವಯಸ್ಸಾದವರಲ್ಲಿ ಈ ಹೊರೆ ಮಂಕು, ಗೊಂದಲ, ಮರೆವಿಗೂ ಕಾರಣವಾಗುತ್ತದೆ. ಎಪ್ಪತ್ತು ದಾಟಿ ನಿತ್ರಾಣದಲ್ಲಿರುವ ಅಮ್ಮಂದಿರಿಗೆ ಆಕ್ಸಿಬ್ಯುಟಿನಿನ್ ಬರೆದ ಚೀಟಿ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ನಾಳೆಯೇ ಮಿರಾಬೆಗ್ರಾನ್‌ಗೆ ಬದಲಾಯಿಸಬೇಡಿ. ಅದು ಮೆಟೊಪ್ರೊಲಾಲ್, ಅಮಿಟ್ರಿಪ್ಟಿಲಿನ್ ಎರಡರ ಪ್ರಮಾಣವನ್ನೂ ರಕ್ತದಲ್ಲಿ ಹೆಚ್ಚಿಸುತ್ತದೆ. ನಾಡಿ ನಿಧಾನವಾಗಿ ತಲೆ ತಿರುಗಬಹುದು. ನಾದಿನಿಗೆ ಈ ಎರಡು ಮಾತ್ರೆಗಳಿವೆಯೇ ಎಂದು ನೀವು ಬರೆದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಾಲುರಿಗೆ ಬೇರೆ ಔಷಧ ಸಾಕೇ ಎಂದು ಮೊದಲು ಕೇಳಿ. ಬಹುಶಃ ಅಲ್ಲಿಗೇ ಅರ್ಧ ತೊಂದರೆ ತೀರುತ್ತದೆ. ಅಮಿಟ್ರಿಪ್ಟಿಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಅದನ್ನೂ ಹೇಳಿ.

ಹತ್ತು ದಿನಕ್ಕೆ ತೀರ್ಪು ಕೊಡಬೇಡಿ. ಕಾಟ ತಡೆಯುವಂತಿದ್ದರೆ ನಾಲ್ಕು ವಾರ ನೋಡಬೇಕು. ಜತೆಗೆ, ಅವಸರವಾದ ಕೂಡಲೇ ಓಡದೆ, ನಿಂತಲ್ಲೇ ಮೂತ್ರ ತಡೆಯುವ ಕೆಳಗಿನ ಸ್ನಾಯು ಬಿಗಿಹಿಡಿದು, ಅವಸರ ತಗ್ಗಿದ ಮೇಲೆ ಹೋಗುವ ಅಭ್ಯಾಸ ಮಾಡಿ. ಕನಿಷ್ಠ ಆರು ವಾರ ಬೇಕು. ಬಹಳ ಮಂದಿ ಮೂರನೇ ದಿನಕ್ಕೆ ಬಿಡುತ್ತಾರೆ, ಆಮೇಲೆ ಮಾತ್ರೆಯನ್ನು ದೂರುತ್ತಾರೆ.

ಪ್ರಶ್ನೆ: ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿದರೆ ಗುಣವಾಗುತ್ತದೆಯೇ?

ಉತ್ತರ: ಇಲ್ಲ. ಮೂತ್ರ ಇನ್ನಷ್ಟು ಬರುತ್ತದೆ, ಅಷ್ಟೇ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಪುಡಿ, ‘21 ದಿನದಲ್ಲಿ ಶಾಶ್ವತ ಪರಿಹಾರ’ ಎನ್ನುತ್ತಾರೆ.

ಉತ್ತರ: ಅದರಲ್ಲಿ ಏನಿದೆ ಎಂದು ಬರೆದು ಕೊಡಲು ಹೇಳಿ. ಕೊಡುವುದಿಲ್ಲ. ಜನರ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡ ದಂಧೆ ಇದು.

ಪ್ರಶ್ನೆ: ಗರ್ಭಕೋಶ ತೆಗೆಸಿದರೆ ಅವಸರ ನಿಲ್ಲುತ್ತದೆ ಎಂದರು.

ಉತ್ತರ: ಹೇಳಿದವರು ಯಾರೇ ಇರಲಿ, ಇನ್ನೊಬ್ಬ ಡಾಕ್ಟರನ್ನು ಕಾಣದೆ ಒಪ್ಪಬೇಡಿ. ಅವಸರ ಮೂತ್ರಕೋಶದ್ದು. ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಉಪಯೋಗವಾಗುತ್ತದೆ, ಅದರ ಬಗ್ಗೆ ಕೇಳಿ. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ಕ್ಯಾನ್ಸರ್ ಡಾಕ್ಟರನ್ನು ವಿಚಾರಿಸಬೇಕು.

ಪ್ರಶ್ನೆ: ಮದುವೆಗೆ ಬಸ್ಸಿನಲ್ಲಿ ಹೋಗುವ ದಿನ ಎರಡು ಮಾತ್ರೆ ನುಂಗಬಹುದೇ?

ಉತ್ತರ: ಬೇಡ.

ಪ್ರಶ್ನೆ: ಮೂತ್ರದಲ್ಲಿ ರಕ್ತ ಕಂಡಿತು, ನೋವಿಲ್ಲ. ಕಾಯಬಹುದೇ?

ಉತ್ತರ: ಒಂದು ಸಲ ಕಂಡರೂ ಕಾಯಬೇಡಿ. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ಈ ವಾರವೇ ಮೂತ್ರಪರೀಕ್ಷೆ, ಸ್ಕ್ಯಾನ್ ಆಗಬೇಕು.