ಬ್ರಿಟಿಷ್ ಸಿನಿಮಾ ನಿರ್ದೇಶಕ ಡೇವಿಡ್ ಲೀನ್ 14 ವರ್ಷ ಯಾಕೆ ಕಥಾಚಿತ್ರ ಮಾಡಲಿಲ್ಲ?

ಮುಖ್ಯ ಕಾರಣ, ವಿಮರ್ಶಕರ ಮಾತಿಗೆ ಮನಸ್ಸು ಮುರಿದಿದ್ದು. 1970ರಲ್ಲಿ ಲೀನ್ ಅವರ 'ರಯಾನ್ಸ್ ಡಾಟರ್' ಸಿನಿಮಾ ಬಂದಾಗ ನ್ಯೂಯಾರ್ಕ್‌ನ ವಿಮರ್ಶಕರು ಅವರನ್ನು ಅಲ್ಗಾಂಕ್ವಿನ್ ಹೋಟೆಲ್‌ಗೆ ಕರೆದು, ಎದುರಿಗೇ ಕೂರಿಸಿಕೊಂಡು ಜಾಡಿಸಿದರು. ಅಷ್ಟೊತ್ತಿಗಾಗಲೇ ನಿರ್ದೇಶನಕ್ಕೆ ಎರಡು ಆಸ್ಕರ್ ಗೆದ್ದವರಿಗೆ!

ಆದರೆ ಸುಮ್ನೆ ಮುನಿಸಿಕೊಂಡು ಕೂತಿದ್ದರು ಅಂತಲ್ಲ. ಲೀನ್ ಮೊದಲು ಎಡಿಟರ್ ಆಗಿದ್ದವರು, ಶಾಟ್‌ಗೆ ಶಾಟ್ ಹೇಗೆ ಕೂಡುತ್ತೆ ಅನ್ನೋದು ತಲೆಯಲ್ಲಿ ಕೂರೋ ತನಕ ಕ್ಯಾಮೆರಾ ಮುಟ್ಟುತ್ತಿರಲಿಲ್ಲ, ಹಾಗಾಗಿ ಚಿತ್ರಕಥೆಗೇ ವರ್ಷಗಟ್ಟಲೆ ಹಿಡಿಯುತ್ತಿತ್ತು. ದುಡ್ಡೂ ಜಾಸ್ತಿ ಬೇಕು. ನಿರ್ಮಾಪಕರು ಕೈ ಎತ್ತಿದರೆ ಅಷ್ಟೂ ವರ್ಷ ನೀರಲ್ಲಿ ಹೋಮ. 18ನೇ ಶತಮಾನದಲ್ಲಿ 'ಬೌಂಟಿ' ಅನ್ನೋ ಬ್ರಿಟಿಷ್ ಹಡಗಿನಲ್ಲಿ ನಡೆದ ದಂಗೆಯ ಮೇಲೆ ಎರಡು ಸಿನಿಮಾ ಮಾಡಬೇಕೆಂದು 1970ರ ದಶಕದ ಕೊನೆಯಲ್ಲಿ ಒದ್ದಾಡಿದರು. ಆಗಿದ್ದು ಅದೇ.

ಕೊನೆಗೆ 1984ರಲ್ಲಿ, 76ನೇ ವಯಸ್ಸಲ್ಲಿ, 'ಎ ಪ್ಯಾಸೇಜ್ ಟು ಇಂಡಿಯಾ' ಬಂತು. ಚಿತ್ರಕಥೆ, ನಿರ್ದೇಶನ, ಎಡಿಟಿಂಗ್ ಮೂರೂ ಅವರದೇ, ಮೂರಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅದರ ಕಥೆಯಲ್ಲಿ ಬರೋ ಕಾಲ್ಪನಿಕ ಮರಬಾರ್ ಗುಹೆಗಳ ದೃಶ್ಯ ತೆಗೆದಿದ್ದು ನಮ್ಮ ಸಾವನದುರ್ಗ, ರಾಮನಗರದ ಕಡೆ. ಅಲ್ಲಿ ಬೆಟ್ಟ ಹತ್ತಿದವರಿಗೆ ಆ ಬೋಳು ಬಂಡೆಗಳು ತಕ್ಷಣ ಗುರುತು ಸಿಗುತ್ತವೆ.