ಮಕ್ಕಳು ಯಾರ ಮೇಲಿನ ಸಿಟ್ಟನ್ನೋ ಇನ್ಯಾರ ಮೇಲೋ ತೀರಿಸಿಕೊಳ್ಳುವುದು ಏಕೆ?

ಸಿಟ್ಟು ಬಂದದ್ದು ಟೀಚರ್ ಮೇಲೆ, ಏಟು ಬಿದ್ದದ್ದು ತಂಗಿಗೆ. ಲೆಕ್ಕ ಸರಳ: ಟೀಚರಿಗೆ ಎದುರಾಡಿದರೆ ಶಿಕ್ಷೆ ಗ್ಯಾರಂಟಿ, ತಂಗಿ ತಿರುಗಿ ಹೊಡೆಯುವುದಿಲ್ಲ. (ಆಫೀಸಿನ ಸಿಟ್ಟನ್ನು ಮನೆಗೆ ತರುವ ದೊಡ್ಡವರೂ ಮಾಡುವುದು ಇದನ್ನೇ, ಅಲ್ವಾ?)

ಅಮ್ಮನ ಮೇಲೆ ಕೂಗಾಡುವುದಕ್ಕೆ ಮಾತ್ರ ಕಾರಣ ಬೇರೆ. ಏನೇ ಮಾಡಿದರೂ ಅಮ್ಮ ತನ್ನನ್ನು ಬಿಟ್ಟುಕೊಡುವುದಿಲ್ಲ ಅನ್ನುವ ಧೈರ್ಯ ಅದು. ಶಾಲೆಯಲ್ಲಿ ಯಾರೋ ಆಟಕ್ಕೆ ಸೇರಿಸಿಕೊಂಡಿರುವುದಿಲ್ಲ. ಇಡೀ ದಿನ ಅಳು ನುಂಗಿಕೊಂಡ ಮಗು ಮನೆಗೆ ಬಂದು ಬ್ಯಾಗ್ ಎಸೆಯುತ್ತದೆ, ಶೂ ಲೇಸಿನ ಗಂಟು ಬಿಚ್ಚಿಕೊಳ್ಳಲಿಲ್ಲ ಅಂತ ರಂಪ ಮಾಡುತ್ತದೆ. ಲೇಸು ಸುಮ್ನೆ ನೆಪ.

ಇದರಲ್ಲಿ ಮಿದುಳಿನ ಪಾತ್ರವೂ ಇದೆ. ಆವೇಶಕ್ಕೆ ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ನಿದ್ದೆ ಕಡಿಮೆಯಾದರೆ, ಹಸಿವಾದರೆ ಇರುವ ಹಿಡಿತವೂ ಹೋಗುತ್ತದೆ. ಅವಮಾನ, ಭಯ, ಹೊಟ್ಟೆಕಿಚ್ಚು ಅಂತ ಬಿಡಿಸಿ ಹೇಳಲು ಮಾತು ಸಾಲದಿದ್ದಾಗ ಎಲ್ಲವೂ ಸಿಟ್ಟಾಗಿಯೇ ಹೊರಬರುತ್ತದೆ.

ನೋಡಿ ಕಲಿಯುವುದೂ ಉಂಟು. 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳಲ್ಲಿ ಹಲವರು ತಾವೂ ಹಾಗೇ ಹೊಡೆದರು. ಹಾಗಾಗಿ ತಂಗಿಗೆ ಹೊಡೆದ ಅಂತ ಮಗನಿಗೆ ಹೊಡೆದರೆ ಉಲ್ಟಾ ಪಾಠವೇ ಆಗುತ್ತದೆ.

ಮೊದಲು ಕೈ ತಡೆಯಿರಿ, ಏಟು ತಿಂದ ಮಗುವನ್ನು ನೋಡಿಕೊಳ್ಳಿ. ‘ಏಕೆ ಹೊಡೆದೆ?’ ಅಂತ ಆಗಲೇ ಕೇಳಬೇಡಿ. ಸಿಟ್ಟು ಇಳಿದ ಮೇಲೆ ‘ಇವತ್ತು ಶಾಲೆಯಲ್ಲಿ ಏನಾಯ್ತು?’ ಅಂತ ಕೇಳಿದರೆ ನಿಜವಾದ ಕಾರಣ ಸಿಗುವ ಸಾಧ್ಯತೆ ಜಾಸ್ತಿ. ವಾರಗಟ್ಟಲೆ ಇದೇ ನಡೆದರೆ, ಯಾರಿಗಾದರೂ ಗಾಯವಾಗುತ್ತಿದ್ದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.